ಬೀಗದೊಳಗಿನ ಮಳೆಗ್ಲಾಸು

ಮುಚ್ಚಿದ ಬಾಗಿಲು ಕಂಡರೆ ನನಗಾಗುವುದಿಲ್ಲ. ಚಿಕ್ಕಮಗಳೂರಿನ ಪೇಟೆಯಲ್ಲಿ ದಿನಸಿ ಅಂಗಡಿಯ ಹಿಂದೆಯೇ ನಮ್ಮ ಮನೆ. ಅಲ್ಲಿ ಯಾವುದಕ್ಕೂ ಬೀಗ ಅಂತ ಇರಲಿಲ್ಲ. ಗಿರಾಕಿಗಳು ಬೆಲ್ಲದ ಡಬ್ಬಕ್ಕೆ ತಾವೇ ಕೈ ಹಾಕಿ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಪ್ಪ ನಗುತ್ತಿದ್ದರು, ಅಮ್ಮ ಒಳಗಿನಿಂದ ಗೊಣಗುತ್ತಿದ್ದಳು. ಇಂಥ ಮನೆಯಿಂದ ಬಂದವಳಿಗೆ ಸಿಕ್ಕ ಕೆಲಸ ನೋಡಿ: ಕಾಲೇಜಿನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು. ಅದರಲ್ಲೂ ವರ್ಷಾ ವರ್ಷ ನನ್ನ ಪಾಲಿಗೇ ಬರುವ ಪಾಠ ಪ್ರೈವೇಟ್, ಪಬ್ಲಿಕ್, ಪ್ರೊಟೆಕ್ಟೆಡ್. ಕ್ಲಾಸ್ ಎಂದು ಕರೆಯುವ ಒಂದು ಕಟ್ಟಿನೊಳಗೆ ಏನೇನಿದೆ, ಅದರಲ್ಲಿ ಹೊರಗಿನವರು ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಕೂಡದು ಎಂಬ ಶಾಸ್ತ್ರ ಅದು. ಬೋರ್ಡಿನ ಮೇಲೆ ಅದನ್ನು ಬರೆಯುವಾಗಲೆಲ್ಲ ಬೆಲ್ಲದ ಡಬ್ಬ ನೆನಪಾಗಿ ನನಗೇ ನಗು ಬರುತ್ತಿತ್ತು.

ಆಲ್ದೂರಿನ ಹತ್ತಿರದ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಶಾಸ್ತ್ರ ಕಣ್ಣೆದುರೇ ನಿಂತುಕೊಂಡಿತು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಆಳೆತ್ತರದ ತಂತಿಬಲೆ, ಅದಕ್ಕೊಂದು ಪುಟ್ಟ ಗೇಟು, ಗೇಟಿಗೆ ಬೀಗ. ಒಳಗಿರುವುದು ಚಿನ್ನವಲ್ಲ, ಮಳೆಮಾಪಕ. ಬಾಯಿಗೆ ಲಾಳಿಕೆ, ಹೊಟ್ಟೆಯಲ್ಲೊಂದು ಬಾಟಲಿ, ಇಷ್ಟೇ. ಬಾಟಲಿಯ ನೀರನ್ನು ಸುರಿದು ಅಳೆಯುವ ಗೆರೆ ಹಾಕಿದ ಉದ್ದನೆಯ ಗ್ಲಾಸು ಮಾತ್ರ ಮಾವನ ಕೋಣೆಯ ಬೀರುವಿನಲ್ಲಿ. ಎರಡರ ಕೀಲಿಯೂ ಮಾವನ ಸೊಂಟದ ಉಡಿದಾರದಲ್ಲಿ. ಮಳೆ ಬಂದ ಮಾರನೆಯ ಬೆಳಿಗ್ಗೆ ಅವರೇ ಹೋಗಬೇಕು, ಅವರೇ ಅಳೆಯಬೇಕು, ಅವರೇ ಹೇಳಬೇಕು. ನನ್ನ ಗಂಡನಿಗೂ ಗೇಟಿನಾಚೆ ಪ್ರವೇಶವಿರಲಿಲ್ಲ.

ಈ ಬೀಗಕ್ಕೂ ಒಂದು ಕತೆಯಿದೆಯಂತೆ. ಮೊದಲೆಲ್ಲ ಮಾಪಕ ಬಯಲಲ್ಲೇ ಇತ್ತು. ಒಮ್ಮೆ ಹತ್ತಿರದ ಹೋಂಸ್ಟೇಗೆ ಬಂದಿದ್ದ ಪ್ರವಾಸಿಗಳು ತೋಟ ನೋಡಲು ಬಂದು, ಇದೇನೋ ಕೈ ತೊಳೆಯುವ ಪಾತ್ರೆ ಅಂದುಕೊಂಡು ಅದರಲ್ಲಿ ಕೈ ತೊಳೆದು ಹೋದರು. ಮಾರನೆಯ ಬೆಳಿಗ್ಗೆ ಮಾವ ಅಳೆದು, "ರಾತ್ರಿ ನಮ್ಗೆ ಗೊತ್ತಾಗದ ಹಾಗೆ ಮೂವತ್ತು ಸೆಂಟ್ಸ್ ಬಿದ್ದಿದೆ" ಎಂದು ಊರಿಗೆಲ್ಲ ಸಾರಿದರು. ಊರು ವರ್ಷವಿಡೀ ನಕ್ಕಿತು. ಬೀಗ ಬಂದಿದ್ದು ಆಮೇಲೆ. ಪ್ರೈವೇಟ್ ಯಾಕೆ ಬೇಕು ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತಿದ್ದೆ, ಪಾಠ ಅವರ ತಲೆಗೆ ಚೆನ್ನಾಗಿ ಹತ್ತುತ್ತಿತ್ತು. ಮನೆಯಲ್ಲಿ ಮಾತ್ರ ಆ ಗೇಟಿನ ಮುಂದೆ ಹಾದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ನೋಡಿದರೆ ಏನಾಗುತ್ತದೆ, ನಾನೇನು ಕೈ ತೊಳೆಯಲು ಹೋಗುತ್ತೇನೆಯೇ?

ನಮ್ಮ ಕಡೆ ಫೆಬ್ರವರಿ, ಮಾರ್ಚ್ ಬಂತೆಂದರೆ ಇಬ್ಬರು ಭೇಟಿಯಾದಾಗ ಊಟ ಆಯ್ತಾ ಅನ್ನುವುದಿಲ್ಲ, "ಎಷ್ಟು ಬಂತು?" ಅನ್ನುತ್ತಾರೆ. ಬಂದಿದ್ದು ಮಳೆ. ಲೆಕ್ಕ ಇಂಚು ಮತ್ತು ಸೆಂಟ್ಸಿನಲ್ಲಿ, ನೂರು ಸೆಂಟ್ಸಿಗೆ ಒಂದಿಂಚು. ರೋಬಸ್ಟಾ ಗಿಡದಲ್ಲಿ ಮೊಗ್ಗು ಕಟ್ಟಿ ಕಾಯುತ್ತಿರುತ್ತದೆ. ಹೂಮಳೆ ಒಂದಿಂಚಾದರೂ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಅತ್ತ ಅರಳುವುದೂ ಇಲ್ಲ, ಇತ್ತ ಮೊಗ್ಗಾಗಿ ಉಳಿಯುವುದೂ ಇಲ್ಲ, ಹಾಗೇ ಸುಟ್ಟುಹೋಗುತ್ತದೆ. ಕಡಿಮೆ ಬಿದ್ದದ್ದನ್ನು ಕೂಡಲೇ ಸ್ಪ್ರಿಂಕ್ಲರ್ ಹಾಕಿ ತುಂಬಿಕೊಡಬೇಕು. ಆದ್ದರಿಂದ ಬೆಳಿಗ್ಗೆ ಮಾವ ಹೇಳುವ ಆ ಒಂದು ಅಂಕಿಯ ಮೇಲೆ ವರ್ಷದ ಫಸಲು ನಿಂತಿರುತ್ತದೆ.

ನಮ್ಮದು ಮಾತ್ರವಲ್ಲ. ಬೇಲಿಯಾಚೆಗೆ ಒಬ್ಬ ನಿವೃತ್ತ ಬಸ್ ಕಂಡಕ್ಟರದು ಸಣ್ಣ ತೋಟ. ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಆ ಗುಡ್ಡಕ್ಕೆ ಸುರಿದ ಮನುಷ್ಯ. ಅವರ ಹತ್ತಿರ ಮಾಪಕ ಇಲ್ಲ. "ಯಜಮಾನ್ರ ಗ್ಲಾಸೇ ನಮ್ಮ ಗ್ಲಾಸು" ಎನ್ನುತ್ತಿದ್ದರು. ಮಳೆ ಬಂದ ಮಾರನೆಯ ದಿನ ಅವರ ಫೋನು ಬರುವುದು, ಬಸ್ಸಿನ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೇಳುವಂಥ ಗಂಟಲಿನಲ್ಲಿ ಕೇಳುವುದು, "ಎಷ್ಟು ಬಂತು ಮಾರಾಯ್ರೆ?" ಮಾವ ಕೊಂಚ ತಡೆದು, ಗಂಟಲು ಸರಿಮಾಡಿಕೊಂಡು ಹೇಳುವುದು. ಆ ತಡೆಯುವಿಕೆಯಲ್ಲಿ ಅವರಿಗೊಂದು ಸುಖವಿತ್ತು.

ಈ ವರ್ಷ ಹೂಮಳೆ ಬಂದಿದ್ದು ಒಂದು ಸಂಜೆ, ಹೇಳದೆ ಕೇಳದೆ. ಕಣದಲ್ಲಿ ಕಾಳುಮೆಣಸು ಹರವಿತ್ತು. ನಾವೆಲ್ಲ ಟಾರ್ಪಲ್ ಹಿಡಿದು ಓಡಾಡಿ ಮೆಣಸನ್ನು ಬಳಿದುಕೊಂಡು ಒಳಗೆ ಹಾಕುವಷ್ಟರಲ್ಲಿ ಮೈಯೆಲ್ಲ ತೊಯ್ದಿತ್ತು. ಈ ಗಡಿಬಿಡಿಯಲ್ಲಿ, ತೊಳೆದು ಒಣಗಲೆಂದು ಕಣದ ನಡುವಿನ ಕಲ್ಲಿನ ಮೇಲೆ ಇಟ್ಟಿದ್ದ ರವೆಯ ಸ್ಟೀಲ್ ಡಬ್ಬವನ್ನು ಮರೆತೆ.

ಬೆಳಿಗ್ಗೆ ಮಾವ ಗೇಟಿನಿಂದ ಹೊರಬಂದು ಹೇಳಿದರು. "ಒಂದಿಂಚು ಎರಡು ಸೆಂಟ್ಸ್. ಸ್ಪ್ರಿಂಕ್ಲರ್ ಬ್ಯಾಡ. ದೇವರು ಕಣ್ಬಿಟ್ಟ."

ಗಂಡನ ಮುಖ ಅರಳಿತು. ಬೇಲಿಯಾಚೆಗೂ ಫೋನಿನಲ್ಲಿ ಸುದ್ದಿ ಹೋಯಿತು. ನಾನು ಡಬ್ಬ ತರಲು ಹೋದೆ. ಎಲ್ಲೂ ಉಬ್ಬಿಲ್ಲದ, ತಳದಿಂದ ಬಾಯಿಯವರೆಗೆ ಒಂದೇ ಅಗಲದ ಡಬ್ಬ ಅದು. ಅಂಥದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಎತ್ತರ, ಅದಕ್ಕೆ ಬೇರೆ ಗ್ಲಾಸು ಬೇಡ. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ, ಬ್ಯಾಗಿನಿಂದ ಸ್ಕೇಲು ತೆಗೆದು ಇಳಿಬಿಟ್ಟೆ. ನೀರು ಅರ್ಧ ಇಂಚು ದಾಟಿತ್ತು, ಮುಕ್ಕಾಲು ಮುಟ್ಟಿರಲಿಲ್ಲ.

"ರೀ, ಇಲ್ಲಿ ನೋಡಿ" ಎಂದು ಗಂಡನನ್ನು ಕರೆದೆ.

"ರವೆ ಡಬ್ಬದಲ್ಲಿ ಮಳೆ ಅಳೀತಾರೇನೇ ಮಾರಾಯ್ತಿ? ಗಾಳಿಗೆ ಹೊರಗೆ ಹಾರಿರ್ತದೆ, ಹೋಗು, ಬಸ್ಸು ತಪ್ತದೆ" ಎಂದರು.

ಬಸ್ಸೇನೋ ಸಿಕ್ಕಿತು. ಆದರೆ ಆಲ್ದೂರಿನಿಂದ ಚಿಕ್ಕಮಗಳೂರಿನವರೆಗೂ ನನಗೆ ಸೀಟಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಗಾಳಿಗೆ ಹಾರಿರಬಹುದು. ಮಾವನ ಕಣ್ಣು ಮಂಜಾಗಿರಬಹುದು. ಆದರೆ ಅವರು ಈಗಲೂ ಪೇಪರನ್ನು ಕನ್ನಡಕವಿಲ್ಲದೆ ಓದುತ್ತಾರೆ. ಕಿಟಕಿಯಾಚೆ ಒಂದೊಂದು ತೋಟ ಹಾದಾಗಲೂ ಇಲ್ಲಿ ಎಷ್ಟು ಬಂದಿರಬಹುದು ಎಂದು ನೆಲದ ಒದ್ದೆ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಹುಷಾರಿಲ್ವಾ?" ಎಂದು ಕೇಳಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಅವತ್ತಿನ ಪಾಠವೂ ಅದೇ ಆಗಬೇಕೇ! ಬೋರ್ಡಿನ ಮೇಲೆ ಮಳೆಮಾಪಕ ಎಂಬ ಕ್ಲಾಸ್ ಬರೆದೆ. ಒಳಗೆ ಗ್ಲಾಸು, ಅದು ಪ್ರೈವೇಟ್. ಹೊರಗೆ 'ಎಷ್ಟು ಬಂತು' ಎಂಬ ಫಂಕ್ಷನ್, ಅದು ಪಬ್ಲಿಕ್. ಯಾರು ಬೇಕಾದರೂ ಕೇಳಬಹುದು, ಆದರೆ ಗ್ಲಾಸನ್ನು ಮುಟ್ಟುವ ಹಾಗಿಲ್ಲ. "ಇದರಿಂದ ದೊಡ್ಡ ಅನುಕೂಲ ಏನು ಗೊತ್ತಾ? ನಾಳೆ ಒಳಗಿನ ಗ್ಲಾಸನ್ನೇ ಬದಲಾಯಿಸಿದರೂ ಹೊರಗಿನವರಿಗೆ ತಿಳಿಯಬೇಕಿಲ್ಲ. ಅವರು ಅದೇ ಪ್ರಶ್ನೆ ಕೇಳ್ತಾರೆ, ಅದೇ ಥರ ಉತ್ತರ ಬರ್ತದೆ" ಎಂದೆ. ವರ್ಷಗಳಿಂದ ಹೇಳಿಕೊಂಡು ಬಂದ ಮಾತು, ಬಾಯಿಪಾಠ.

ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಹೊಸ ಗ್ಲಾಸು ತಪ್ಪಿದ್ರೆ, ಮೇಡಂ? ಹೊರಗಿನವ್ರು ನೋಡಂಗಿಲ್ಲ, ಒಳಗಿನವ್ರಿಗೆ ಗೊತ್ತಿಲ್ಲ. ಮತ್ಯಾರು ನೋಡ್ತಾರೆ?"

ಒಳ್ಳೆಯ ಪ್ರಶ್ನೆ, ಟೆಸ್ಟಿಂಗ್ ಎಂಬ ಪಾಠದಲ್ಲಿ ಬರುತ್ತದೆ ಎಂದು ಏನೋ ಹೇಳಿದೆ. ಆದರೆ ಸೀಮೆಸುಣ್ಣ ಕೈಯಲ್ಲೇ ನಿಂತಿತು. ಸಂಕ್ರಾಂತಿಯ ಹೊತ್ತಿಗೆ ಮಾವನ ಕೋಣೆ ಗುಡಿಸುವಾಗ ಪೊರಕೆಗೆ ಗಾಜಿನ ಪುಡಿ ಸಿಕ್ಕಿತ್ತು. ಕೇಳಿದರೆ, "ಎಂತದೋ ಬಾಟ್ಲಿ ಬಿತ್ತಮ್ಮ" ಎಂದಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ಕಳಸದ ನೆಂಟರ ಮನೆಗೆ ಹೋಗಿ ಬಂದವರ ಬ್ಯಾಗಿನಲ್ಲಿ ಟವೆಲ್ಲಿನಿಂದ ಸುತ್ತಿದ ಉದ್ದನೆಯದೊಂದು ವಸ್ತುವಿತ್ತು. ಇಸಿದುಕೊಳ್ಳಲು ಹೋದ ನನ್ನ ಕೈಯಿಂದ ಅವರು ಅದನ್ನು ಬಿಡಿಸಿಕೊಂಡಿದ್ದರು. ಮಾಪಕದ ಬಾಯಿ ಎಷ್ಟಗಲವೋ ಅದಕ್ಕೆ ತಕ್ಕ ಗ್ಲಾಸು ಇರಬೇಕು. ಸಣ್ಣ ಬಾಯಿಯ ಮಾಪಕಕ್ಕೆಂದು ಮಾಡಿದ ಗ್ಲಾಸಿಗೆ ದೊಡ್ಡ ಬಾಯಿಯ ನೀರು ಸುರಿದರೆ ಬೀಳದ ಮಳೆಯನ್ನೂ ಅದು ತೋರಿಸುತ್ತದೆ. ಆದರೆ ಇಂಚು ಅಂದರೆ ಎಲ್ಲೆಲ್ಲೂ ಇಂಚೇ, ಗ್ಲಾಸು ಅಂದರೆ ಗ್ಲಾಸೇ ಎಂದು ನಂಬಿದ ಮನುಷ್ಯ ನಮ್ಮ ಮಾವ.

ತರಗತಿ ಮುಗಿದದ್ದೇ ಗಂಡನಿಗೆ ಫೋನು ಮಾಡಿದೆ. ಕೆಳಗಿನ ತೋಟದಲ್ಲಿದ್ದಿರಬೇಕು, ನೆಟ್‌ವರ್ಕ್ ಇಲ್ಲ. ಮತ್ತೆ ಮಾಡಿದೆ. ಸ್ಟಾಫ್ ರೂಮಿನಲ್ಲಿ ಕೂತೆ, ಎದ್ದೆ, ವರಾಂಡದಲ್ಲಿ ಅಡ್ಡಾಡಿದೆ. "ಕಾಲಿಗೆ ಚಕ್ರ ಕಟ್ಕೊಂಡಿದೀರಾ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ಸಿಟ್ಟೇ ಬಂತು. ಮಾವನಿಗೇ ಫೋನು ಮಾಡೋಣವೆಂದರೆ ಏನು ಹೇಳುವುದು? ನಿಮ್ಮ ಗ್ಲಾಸು ತಪ್ಪು ಎಂದೇ? ಮನೆಯಲ್ಲಿ ಯಾರೂ ನೋಡಿರದ ಗ್ಲಾಸು ನನಗೆ ಹೇಗೆ ತಿಳಿಯಿತು ಎಂದರೆ ರವೆಯ ಡಬ್ಬ ತೋರಿಸಲೇ? ಅಷ್ಟರಲ್ಲಿ ಮೊಗ್ಗು ಊದಿಕೊಳ್ಳಲು ಶುರುವಾಗಿರುತ್ತದೆ, ಅದು ನನಗಾಗಿ ಕಾಯುವುದಿಲ್ಲ.

ಸಂಜೆ ಮನೆ ಮುಟ್ಟಿದಾಗ ಮಾವ ಜಗಲಿಯಲ್ಲಿ ಕೂತು ಮೆಣಸಿನಲ್ಲಿ ಕಡ್ಡಿ ಆರಿಸುತ್ತಿದ್ದರು. ಬೀಗ ಮುರಿದು ನೋಡಬೇಕೆನ್ನಿಸುವಷ್ಟು ತಳಮಳ ನನಗೆ. ಆದರೆ ಕೇಳಲು ಯಾರಿಗೂ ಅಡ್ಡಿಯಿಲ್ಲವಲ್ಲ, ಕೇಳಿದೆ.

"ಮಾವ, ನಮ್ಮ ಮಾಪಕದ ಬಾಯಿ ಎಷ್ಟಗಲ?"

"ಐದಿಂಚು. ಯಾಕಮ್ಮ?"

"ಕಳಸದವರದ್ದು?"

ಅವರ ಬೆರಳು ಮೆಣಸಿನ ಮೇಲೆ ನಿಂತಿತು. ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು. ಅವರು ಎದ್ದು ಒಳಗೆ ಹೋದರು. ಬೀರು ತೆರೆದ ಸದ್ದಾಯಿತು. ಫೋನಿನಲ್ಲಿ ಕಳಸದವರ ಹತ್ತಿರ ಮೆಲ್ಲಗೆ ಏನೋ ಕೇಳಿದ್ದೂ ಕೇಳಿಸಿತು. ಹೊರಬಂದಾಗ ಅವರ ಮುಖ ಬಾಡಿತ್ತು.

"ಅವರದ್ದು ನಾಲ್ಕಿಂಚಂತೆ" ಎಂದರು. ಆಮೇಲೆ ತೋಟದಿಂದ ಬರುತ್ತಿದ್ದ ಮಗನಿಗೆ, "ನಾಳೆ ಬೆಳಿಗ್ಗೆಯಿಂದ ಸ್ಪ್ರಿಂಕ್ಲರ್ ಹಾಕ್ಬೇಕು" ಎಂದರು. ಯಾಕೆ ಎಂದು ಗಂಡ ಕೇಳಿದರೆ, "ಹಾಕ್ಬೇಕು ಅಂದೆನಲ್ಲ" ಎಂಬುದಷ್ಟೇ ಉತ್ತರ.

ನನಗೆ ಹೋದ ಜೀವ ಬಂದಂತಾಯಿತು, ಸದ್ಯ ನಮ್ಮ ತೋಟ ಉಳಿಯಿತು. ಹತ್ತು ನಿಮಿಷವೂ ಆ ಸಮಾಧಾನ ಉಳಿಯಲಿಲ್ಲ. ಬೇಲಿಯಾಚೆಯವರ ಗತಿ? ಅವರೂ ಒಂದಿಂಚು ಬಂತೆಂದೇ ನಂಬಿ ಕೂತಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವ ಹೇಳಿದ ಅಂಕಿ ಈಗ ಮಾವನ ಬೀರುವಿನಲ್ಲಿಲ್ಲ, ಊರಲ್ಲಿದೆ. ಅದನ್ನು ಹಿಂದಕ್ಕೆ ಕರೆಯಬೇಕಾದರೆ ಗ್ಲಾಸು ಒಡೆದದ್ದು, ಬೇರೆಯವರ ಗ್ಲಾಸು ತಂದದ್ದು, ಯಾರಿಗೂ ಹೇಳದಿದ್ದದ್ದು ಎಲ್ಲ ಹೊರಬರಬೇಕು. ಕೈ ತೊಳೆದ ನೀರಿಗೇ ವರ್ಷವಿಡೀ ನಕ್ಕ ಊರು ಇದು. ಸುಮ್ಮನೆ, "ಯಾತಕ್ಕೂ ಒಂದ್ಸಲ ಸ್ಪ್ರಿಂಕ್ಲರ್ ಹಾಕ್ಬಿಡಿ" ಎಂದರೂ ಕೆಲಸವಾಗುತ್ತಿತ್ತು. ಹಾಗಾದರೂ ಹೇಳಲಿ ದೇವರೇ ಎಂದು ನಾನು ಅಡುಗೆಮನೆಗೂ ಜಗಲಿಗೂ ಕಾರಣವಿಲ್ಲದೆ ಓಡಾಡಿದೆ. ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಮಾವ ಫೋನು ಕೈಯಲ್ಲಿ ಹಿಡಿದು ಕಣದಲ್ಲಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಅವರ ದನಿ ಕೇಳಿಸಿತು. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ನಾನು ಬೆಳಿಗ್ಗೆ ಹೇಳಿದ್ದು ತಪ್ಪು ಮಾರಾಯ್ರೆ. ಅರವತ್ತೈದು ಸೆಂಟ್ಸ್ ಅಷ್ಟೆ. ನನ್ನ ಗ್ಲಾಸು ಒಡೆದಿತ್ತು, ಬೇರೆ ತಂದೆ, ಅದು ನಮ್ಮ ಮಾಪಕದ್ದಲ್ಲ. ಗಾಳಿದಲ್ಲ, ಮಳೆದಲ್ಲ, ತಪ್ಪು ನಂದೇ."

ಆ ಕಡೆಯ ದೊಡ್ಡ ಗಂಟಲು ನಾನು ನಿಂತ ಬಾಗಿಲಿನವರೆಗೂ ಕೇಳಿಸಿತು: "ಅಯ್ಯೋ ಯಜಮಾನ್ರೆ, ನೀವು ಇಂಚು ಬಂತು ಅಂದ್ರಲ್ಲ ಅಂತ ಪಂಪ್‌ಸೆಟ್ಟು, ಪೈಪು ಎಲ್ಲ ಮೂಡಿಗೆರೆಯ ಭಾವನಿಗೆ ಕಳಿಸ್ಬಿಟ್ಟೆ! ಅವನಲ್ಲಿ ಹಾಕಿ ಮುಗ್ಸಿ ವಾಪಸ್ಸು ಬರೋ ಹೊತ್ತಿಗೆ..."

ಮಾವ ಕಣ್ಣು ಮುಚ್ಚಿಕೊಂಡರು.

ಬೆಳಿಗ್ಗೆ ನಮ್ಮ ಪಂಪ್‌ಸೆಟ್ಟು ಟ್ರಾಕ್ಟರ್ ಹತ್ತಿ ಬೇಲಿ ದಾಟಿ ಕಂಡಕ್ಟರ ತೋಟಕ್ಕೆ ಹೋಯಿತು. ನಮ್ಮಲ್ಲಿರುವುದು ಒಂದೇ ಪಂಪು, ಒಂದೇ ಜೊತೆ ಪೈಪು. ಗಂಡ ಕೂಗಾಡಿದರು. "ಮೊದ್ಲು ನಮ್ದು ಮುಗೀಲಿ ಅಪ್ಪ, ಆಮೇಲೆ ಅವರಿಗೆ ಕೊಡನ. ಮೇಲಿನ ತೋಟಕ್ಕೆ ಹೊತ್ತು ಮೀರ್ತದೆ." ಮಾವ, "ನಮ್ಮ ತೋಟ ನನ್ನ ತಪ್ಪು ತಡ್ಕೋತದೆ. ಅವರು ಯಾಕೆ ತಡ್ಕೋಬೇಕು?" ಎಂದು ಟ್ರಾಕ್ಟರಿನ ಹಿಂದೆ ನಡೆದರು. ನಾನು ಯಾರ ಪಕ್ಷ? ಗಂಡ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಆದರೂ ಮಾವನ ಬೆನ್ನು ನೋಡಿ ನನಗೆ ಅಳು ಬಂತು. ಇಷ್ಟು ವರ್ಷ ಆ ಬೀಗವನ್ನು ಬರೀ ಜಂಬ ಅಂದುಕೊಂಡಿದ್ದೆ. ಬೀಗ ಹಾಕಿಕೊಂಡವನು ಒಳಗಿನದಕ್ಕೆಲ್ಲ ಒಬ್ಬನೇ ತಲೆ ಕೊಡಬೇಕು ಎಂಬುದು ನನ್ನ ಪಾಠದಲ್ಲಿ ಇರಲೇ ಇಲ್ಲ.

ಅದರ ಮುಂದಿನ ದಿನಗಳಲ್ಲಿ ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಕಾಲೇಜಿನಿಂದ ಬಂದದ್ದೇ ಚಪ್ಪಲಿ ಬಿಡದೆ ತೋಟಕ್ಕೆ ಹೋಗಿ ಮೊಗ್ಗು ಹಿಡಿದು ನೋಡುವುದು, ಪೈಪು ಎಲ್ಲಿಗೆ ಬಂತು ಎಂದು ಕೇಳಿ ಗಂಡನ ಕೈಲಿ ಬೈಸಿಕೊಳ್ಳುವುದು. ತರಗತಿಯಲ್ಲಿ ಪಾಠ ಮುಂದುವರಿದಿತ್ತು. ಪ್ರೊಟೆಕ್ಟೆಡ್ ಅಂದರೆ ಒಳಗಿನದು ಆ ಕ್ಲಾಸಿನಿಂದ ಹುಟ್ಟಿಬಂದವರಿಗೂ ಸಿಗುತ್ತದೆ, ಮಕ್ಕಳಿಗೆ ಸಿಕ್ಕ ಹಾಗೆ. ಅದಾದ ಮೇಲೆ ಫ್ರೆಂಡ್ ಎಂಬುದೊಂದು ಬರುತ್ತದೆ. ಹುಟ್ಟಿಬಂದದ್ದಲ್ಲ, ಬೇರೆ ಕಡೆಯದು, ಆದರೂ ಅದಕ್ಕೆ ಒಳಗಿನದನ್ನು ಮುಟ್ಟಲು ಬಿಡುವುದು. ನಾನು ಪ್ರತಿ ವರ್ಷ ಅದನ್ನು ಎರಡು ಮಾತಿನಲ್ಲಿ ಮುಗಿಸಿ, ಇದನ್ನು ಬಳಸಬೇಡಿ, ಬೀಗ ಹಾಕಿ ಕೀಲಿ ಬಾಗಿಲಿಗೆ ಸಿಕ್ಕಿಸಿದ ಹಾಗೆ ಎನ್ನುತ್ತಿದ್ದೆ. ಈ ಸಲ ಎರಡನೇ ಬೆಂಚಿನ ಹುಡುಗಿ, "ಫ್ರೆಂಡ್ ಅಂತ ನಾವೇ ಹೇಳ್ಕೊಂಡು ಒಳಗೆ ಹೋಗ್ಬಹುದಾ ಮೇಡಂ?" ಎಂದಳು. ಇಲ್ಲಮ್ಮ ಎಂದೆ. ಹೊರಗಿನವರು ಹೇಳಿಕೊಂಡರೆ ಆಗುವುದಿಲ್ಲ, ಒಳಗಿನವರೇ ಹೇಳಬೇಕು. ಯಾಕೋ ಇದನ್ನು ಹೇಳುವಾಗ ನನ್ನ ದನಿ ಸಣ್ಣಗಾಯಿತು.

ಹೂವು ಬಂತು. ಬೆಳಿಗ್ಗೆ ಬಾಗಿಲು ತೆರೆದರೆ ಮಲ್ಲಿಗೆಯಂಥ ಘಮ, ಬಸ್‌ಸ್ಟಾಪಿನವರೆಗೂ ಜೇನುನೊಣಗಳ ಗುಂಯ್‌ಗುಟ್ಟುವಿಕೆ. ಕಂಡಕ್ಟರ ತೋಟ ಬುಡದಿಂದ ತುದಿಯವರೆಗೆ ಬೆಳ್ಳಗಿತ್ತು. ನಮ್ಮ ಕೆಳಗಿನ ತೋಟವೂ ಬೆಳ್ಳಗಿತ್ತು. ಮೇಲಿನ ತೋಟಕ್ಕೆ ನೀರು ಮುಟ್ಟಿದ್ದು ತಡವಾಗಿತ್ತು. ಅಲ್ಲಿ ಮೊಗ್ಗು ಹುರಿದ ಜೀರಿಗೆಯ ಹಾಗೆ ಕಂದಿ ನಿಂತಿತ್ತು. ಗಂಡ ಒಂದು ರೆಂಬೆ ಹಿಡಿದು ನೋಡಿ, ಬಿಟ್ಟು ಕೆಳಗಿಳಿದರು. ಮಾವ ಮಾತ್ರ ಒಂದೊಂದೇ ಗಿಡದ ಹತ್ತಿರ ನಿಂತು ನೋಡುತ್ತ ಇಡೀ ಮೇಲಿನ ತೋಟ ಸುತ್ತಿದರು. ನಾನು ಹಿಂದೆಯೇ ಹೋದೆ.

ಕೆಲವು ದಿನ ಬಿಟ್ಟು ಮತ್ತೆ ಮಳೆ ಬಂತು. ಅರಳಿದ ಹೂವು ಕಾಯಿ ಕಟ್ಟಲು ಬೇಕಾದ ಮಳೆ, ಮೇಲಿನ ತೋಟಕ್ಕೆ ಇನ್ನು ಬಂದೂ ಉಪಯೋಗವಿಲ್ಲದ ಮಳೆ. ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಅವಸರದಲ್ಲಿದ್ದೆ, ಫೋನು ಬಡಿದುಕೊಂಡಿತು. ಅದೇ ದೊಡ್ಡ ಗಂಟಲು. ನಾನು ಬಾಗಿಲಲ್ಲೇ ನಿಂತೆ. ಇಷ್ಟೆಲ್ಲ ಆದ ಮೇಲೂ ಈ ಮನುಷ್ಯ ನಮ್ಮನ್ನೇ ಕೇಳುತ್ತಿದ್ದಾರಲ್ಲ!

"ಎಷ್ಟು ಬಂತು ಮಾರಾಯ್ರೆ?"

"ತಡೀರಿ, ಇನ್ನೂ ನೋಡಿಲ್ಲ" ಎಂದು ಮಾವ ಫೋನನ್ನು ಹಾಗೇ ಜಗಲಿಯ ಮೇಲಿಟ್ಟರು. ಉಡಿದಾರದಿಂದ ಕೀಲಿ ಬಿಚ್ಚಲು ಅವರ ಬೆರಳು ತಡಕಾಡಿತು. ಬಿಚ್ಚಿ ನನ್ನ ಕೈಗೆ ಕೊಟ್ಟರು. "ನೀನೂ ಓದು, ನಾನೂ ಓದ್ತೀನಿ" ಎಂದರು.

ಅವರು ಬೀರುವಿನಿಂದ ಗ್ಲಾಸು ತಂದರು, ನಾನು ಗೇಟು ತೆರೆದೆ, ಇಬ್ಬರೂ ಒಳಗೆ ಹೋದೆವು. ಒಳಗೆ ಅಂಥದ್ದೇನೂ ಇರಲಿಲ್ಲ, ಒಂದಿಷ್ಟು ಹುಲ್ಲು, ಒಂದು ಡಬ್ಬ, ಐದಿಂಚಿನ ಬಾಯಿಗೆ ತಕ್ಕದ್ದೆಂದು ಹೊಸದಾಗಿ ತಂದಿದ್ದ ಗ್ಲಾಸು ಹಿಡಿದ ಮಾವ. ಬಾಟಲಿಯ ನೀರನ್ನು ನಿಧಾನಕ್ಕೆ ಸುರಿದೆ, ಒಂದು ಹನಿ ಚೆಲ್ಲಿದರೂ ಬೇಲಿಯಾಚೆಯ ತೋಟ ನೆನಪಾಗುತ್ತಿತ್ತು. ನಾನು ಓದಿದೆ. ಅವರು ಬಗ್ಗಿ ಓದಿದರು. ಹೊರಬಂದು ನಾನೇ ಬೀಗ ಹಾಕಿದೆ, ಬಿದ್ದಿದೆಯೋ ಇಲ್ಲವೋ ಎಂದು ಎಳೆದು ನೋಡಿದೆ.

ಕೀಲಿ ಹಿಂದಕ್ಕೆ ಕೊಡಲು ಹೋದರೆ ಮಾವ ಆಗಲೇ ಫೋನು ಎತ್ತಿಕೊಂಡಿದ್ದರು, ಕೈ ಚಾಚಲಿಲ್ಲ.

"ನಲವತ್ತು ಸೆಂಟ್ಸ್" ಎಂದರು. "ಗ್ಲಾಸು ನಮ್ದೇ. ಇಬ್ರು ನೋಡಿದೀವಿ."